ಬಾಗಿಲಿಗೆ ಆನಿಸಿದ ಫರಸಿ

ನಾನು ಎದ್ದು ಹೋಗಿ ಬಾಗಿಲು ತೆಗೆಯಲಿಲ್ಲ. ನಮ್ಮ ಪಡಸಾಲೆಯಿಂದ ಕೊಟ್ಟಿಗೆಗೆ ಹೆಚ್ಚೆಂದರೆ ಹದಿನೈದು ಹೆಜ್ಜೆ. ಅಷ್ಟು ನಡೆದಿದ್ದರೆ ಸಾಕಿತ್ತು, ನಡೆಯಲಿಲ್ಲ. ಯಾಕೆ ನಡೆಯಲಿಲ್ಲ ಎಂಬುದನ್ನು ಆಮೇಲೆ ಯಾರ ಮುಂದೆಯೂ ಹೇಳಲಿಲ್ಲ. ಅಪ್ಪನ ಮುಂದೆ ಹೇಳಲಿಲ್ಲ, ಇಮಾಮಸಾಬರ ಮುಂದೆ ಹೇಳಲಿಲ್ಲ, ನನ್ನ ತಲೆ ಪೂರ್ತಿ ಬೆಳ್ಳಗಾಗುವವರೆಗೆ ಅಣ್ಣನ ಮುಂದೆಯೂ ಹೇಳಲಿಲ್ಲ.

ನಾನು ಓದಿದವಳಲ್ಲ. ಸೇಡಂನಲ್ಲಿ ಮಠದ ಅಯ್ಯನವರ ಹತ್ತಿರ ಎರಡು ವರ್ಷ ಉಸುಕಿನ ಮೇಲೆ ಅಕ್ಷರ ತಿದ್ದಿದ್ದೇನೆ. ಅದರ ಮೇಲೆಯೇ ಇಷ್ಟು ಬರೆಯುತ್ತಿದ್ದೇನೆ.

ಹೋದ ಶ್ರಾವಣದಲ್ಲಿ ಸೇಡಂನಿಂದ ಹೇಳಿಕಳಿಸಿದ್ದರು. ನಮ್ಮ ತವರುಮನೆಯನ್ನು ಕೊಂಡವರು ಕೊಟ್ಟಿಗೆ ಕೆಡವುತ್ತಾರೆ, ಒಳಗೆ ಹಳೆಯ ಸಾಮಾನು ಬಿದ್ದಿದೆ, ಬೇಕಿದ್ದರೆ ಬಂದು ಒಯ್ಯಿರಿ ಎಂದು. ಅಣ್ಣನನ್ನು ಕರೆದುಕೊಂಡು ಚಿತ್ತಾಪುರದಿಂದ ಮುಂಜಾನೆಯ ರೈಲಿಗೆ ಹೋದೆ. ಅಪ್ಪ ಹೋದಮೇಲೆ ಅಣ್ಣ ಶರಣಪ್ಪ ನನ್ನ ಮನೆಯಲ್ಲೇ ಇರುತ್ತಾನೆ. ಎಡಗಾಲು ಎಳೆದು ನಡೆಯುತ್ತಾನೆ. ಎರಡೂ ಕೈ ನಡುಗುತ್ತವೆ. ಒಂದು ಮಾತು ಆಡಬೇಕಾದರೆ ಅದನ್ನು ಎಲ್ಲಿಯೋ ಇಟ್ಟು ಮರೆತವನಂತೆ ಹುಡುಕುತ್ತಾನೆ. ಮನೆಯಲ್ಲಿ ಯಾವ ಬಾಗಿಲು ತೆರೆದರೂ ಒಂದು ಕಲ್ಲು ತಂದು ಅದಕ್ಕೆ ಆನಿಸುತ್ತಾನೆ. ಮೊಮ್ಮಕ್ಕಳು ಎಡವುತ್ತಾರೆ. "ಅಜ್ಜಾ, ಬಾಗಿಲೇನು ಓಡಿ ಹೋಗ್ತದೇನು?" ಎಂದು ಚಾಷ್ಟಿ ಮಾಡುತ್ತಾರೆ. ಅವನು ನಗುತ್ತಾನೆ, ಕಲ್ಲು ಮಾತ್ರ ತೆಗೆಯುವುದಿಲ್ಲ.

ಸೇಡಂನ ಮನೆಯಂಗಳಕ್ಕೆ ಹೋದಾಗ ಸಣ್ಣಗೆ ಮಳೆ ಹಿಡಿದಿತ್ತು. ಕೆಡವುವ ಕೆಲಸದವರು ಕೊಟ್ಟಿಗೆಯ ಬಾಗಿಲಲ್ಲಿ ಶೇಗಡಿ ಇಟ್ಟು ಚಹಾ ಕಾಯಿಸುತ್ತಿದ್ದರು. ಇದ್ದಿಲು ಹಸಿಯಾಗಿತ್ತು. ಹಸಿ ಇದ್ದಿಲಿಗೆ ಬೆಂಕಿ ಹತ್ತುವಾಗ ಒಂದು ವಾಸನೆ ಬರುತ್ತದೆ. ಬಾಯಲ್ಲಿ ಕಬ್ಬಿಣದ ಮೊಳೆ ಇಟ್ಟುಕೊಂಡಂತೆ ನಾಲಿಗೆಯ ಬುಡ ಕಹಿಯಾಗುತ್ತದೆ. ನನಗೆ ಹೆಜ್ಜೆ ಎತ್ತಿಡಲು ಆಗಲಿಲ್ಲ. ಅಣ್ಣ ಅವರ ನಡುವೆಯೇ ಹಾದು, ನೆಲದಲ್ಲಿ ಬಿದ್ದಿದ್ದ ಒಂದು ಫರಸಿಯನ್ನು ನಡುಗುವ ಕೈಯಿಂದ ಎಬ್ಬಿಸಿ ಬಾಗಿಲಿಗೆ ಆನಿಸಿದ. ಆಮೇಲೆ ಒಳಗೆ ಹೋದ.

ಫರಸಿ ಅಂದರೆ ನಮ್ಮ ಕಡೆಯ ಹಾಸುಗಲ್ಲು. ಶಹಾಬಾದಿನಿಂದ ಸೇಡಂವರೆಗೆ ನೆಲ ಅಗೆದಲ್ಲೆಲ್ಲ ಹಲಗೆಯಂತೆ ಪದರು ಪದರಾಗಿ ಏಳುತ್ತದೆ. ಮನೆಗೆ ಅದೇ ನೆಲ, ಅದೇ ಗೋಡೆ, ಎಷ್ಟೋ ಮನೆಗಳಿಗೆ ಅದೇ ಮಾಳಿಗೆ. ನಾನು ಹೇಳುವ ಫರಸಿ ಎರಡು ಕೈಯಿಂದ ಎತ್ತಬೇಕಾದಷ್ಟು ಭಾರದ್ದು. ಅಷ್ಟು ಭಾರದ್ದೇ ಬೇಕು ಎಂದು ಆರಿಸಿ ಇಟ್ಟವರು ಇಮಾಮಸಾಬ ಮಿಸ್ತ್ರಿ.

ಅದು ನಿಜಾಮರ ಕಾಲ, ದೊಡ್ಡ ಯುದ್ಧ ನಡೆದಿದ್ದ ದಿನಗಳು. ಪೆಟ್ರೋಲು ಚೀಟಿಯ ಮೇಲೆ ಸಿಗುತ್ತಿತ್ತು, ಚೀಟಿ ಇದ್ದವರಿಗೂ ಸಿಗುತ್ತಿರಲಿಲ್ಲ. ದೊಡ್ಡವರ ಮನೆಯ ಮೋಟಾರುಗಳು ಅಂಗಳದಲ್ಲಿ ನಿಂತಲ್ಲೇ ನಿಂತಿದ್ದವು. ಅಣ್ಣ ಚಿತ್ತಾಪುರದ ಹತ್ತಿರ ಒಬ್ಬ ಜಾಗೀರದಾರರ ಮೋಟಾರು ನಡೆಸುತ್ತಿದ್ದ. ಅವರು ಊರು ಬಿಟ್ಟು ಹೈದರಾಬಾದ್ ಸೇರಿದರು. ಅವರ ಹಳೆಯದೊಂದು ಮೋಟಾರು ಬೇವಿನ ಗಿಡದ ಕೆಳಗೆ ವರ್ಷಗಟ್ಟಲೆ ಬಿದ್ದಿತ್ತು, ಅದರ ಹಿಂದಿನ ಗಾದಿಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅಂಗಳ ಖಾಲಿಯಾದರೆ ಸಾಕು, ತೆಗೆದುಕೊಂಡು ಹೋಗು ಎಂದು ಅಣ್ಣನಿಗೆ ಕೊಟ್ಟುಬಿಟ್ಟರು.

ಎರಡು ಜೋಡಿ ಎತ್ತು ಕಟ್ಟಿ ಅದನ್ನು ಎಳೆಸಿಕೊಂಡು ಬಂದ. ದಾರಿಯಲ್ಲಿ ಎರಡು ದಿನ ಹಿಡಿಯಿತು. ಸೇಡಂ ಬಜಾರಿಗೆ ಬಂದಾಗ ಅಂಗಡಿಕಾರರೆಲ್ಲ ಕಟ್ಟೆಯ ಮೇಲೆ ನಿಂತು ನೋಡಿದರು. ಎಣ್ಣೆ ಅಂಗಡಿಯ ಕಾಕಾ ಕೇಳಿದರಂತೆ, "ಶರಣಪ್ಪಾ, ನಾಕು ಎತ್ತಿನ ಬಂಡಿ ತಂದಿ. ಇದು ಮೇವು ಏನು ತಿಂತದೋ?"

"ಇದ್ದಲಿ ತಿಂತದ ಕಾಕಾ" ಅಂದನಂತೆ ಅಣ್ಣ. ಎಲ್ಲರೂ ನಕ್ಕರಂತೆ. ಅವನು ನಿಜವನ್ನೇ ಹೇಳಿದ್ದ.

ಅವ್ವ ನನಗೆ ಒಂಬತ್ತು ವರ್ಷವಿದ್ದಾಗ ಹೋಗಿದ್ದಳು. ಮನೆಯಲ್ಲಿ ಅಪ್ಪ, ಅಣ್ಣ, ನಾನು, ಮೂರೇ ಮಂದಿ. ಅಪ್ಪನಿಗೆ ಬಜಾರಿನಲ್ಲಿ ಅರಿವೆ ಅಂಗಡಿ. ಮಗ ಅಂಗಡಿಯಲ್ಲಿ ಕೂತು ಬಟ್ಟೆ ಹರಿಯಬೇಕೆಂದು ಆಸೆಯಿತ್ತು. ಮೋಟಾರು ಬಂದ ದಿನ ಅಪ್ಪ ಏನೂ ಅನ್ನಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಕೂತಾಗ ಅಣ್ಣನ ಬೆರಳು ನೋಡಿ, ನಮ್ಮ ಮನೆತನದಲ್ಲಿ ಕೈ ಕರಿ ಮಾಡಿಕೊಂಡು ಯಾರೂ ಉಂಡಿಲ್ಲ ಎಂದರು, ಅಷ್ಟೆ. ಅಣ್ಣ ಎದ್ದು ಹೋಗಿ ಮತ್ತೊಮ್ಮೆ ಕೈ ತೊಳೆದು ಬಂದು ಕೂತ. ಎಮ್ಮೆಯನ್ನು ಹಿತ್ತಲಿಗೆ ಕಟ್ಟಿ, ಕೊಟ್ಟಿಗೆಯಲ್ಲಿ ಮೋಟಾರು ನಿಲ್ಲಿಸಿದರು.

ಅಣ್ಣನ ಮನಸ್ಸಿನಲ್ಲಿ ಒಂದೇ ಇತ್ತು. ಸೇಡಂಗೆ ರೈಲಿದೆ, ಚಿಂಚೋಳಿಗೆ ಇಲ್ಲ. ಅಲ್ಲಿಂದ ಬಂಡಿಯಲ್ಲಿ ಬರುವವರು ಹಗಲು ರಾತ್ರಿ ಕುಲುಕಿಸಿಕೊಂಡು ಬರಬೇಕು. ದವಾಖಾನೆಗೆ ಹೊರಟ ಬಸುರಿಯರು ದಾರಿಯಲ್ಲೇ ಹಡೆದದ್ದುಂಟು, ದಾರಿಯಲ್ಲೇ ಹೋದದ್ದೂ ಉಂಟು. ಈ ಮೋಟಾರಿನ ಹಿಂಭಾಗ ಕತ್ತರಿಸಿ, ಎದುರುಬದುರು ಹಲಗೆ ಹಾಕಿ, ಇದ್ದಿಲ ಮೇಲೆ ಓಡಿಸಿದರೆ ಮುಂಜಾನೆ ಚಿಂಚೋಳಿಯಲ್ಲಿ ಹತ್ತಿದವರು ಮಧ್ಯಾಹ್ನ ಸೇಡಂ ಸ್ಟೇಷನ್ನಿನಲ್ಲಿ ಇಳಿಯಬಹುದು. ಇದನ್ನು ಅವನು ನನಗೆ ಎಷ್ಟು ಸಲ ಹೇಳಿದ್ದನೆಂದರೆ, ಆ ದಾರಿಯನ್ನು ನಾನು ನೋಡದೆಯೇ ಅದರ ಹಳ್ಳಗಳೆಲ್ಲ ನನಗೆ ಗೊತ್ತಿದ್ದವು.

ಇಮಾಮಸಾಬರು ವಾಡಿಯವರು. ರೈಲ್ವೆಯ ಇಂಜಿನ್ ಶೆಡ್ಡಿನಲ್ಲಿ ಫಿಟರ್ ಆಗಿದ್ದು ಮುಪ್ಪಿಗೆ ಮನೆಯಲ್ಲಿದ್ದರು. ಬಾಯ್ಲರು ಬಡಿದು ಬಡಿದು ಒಂದು ಕಿವಿ ಹೋಗಿತ್ತು, ಹಾಗಾಗಿ ಜೋರಾಗಿ ಮಾತಾಡುತ್ತಿದ್ದರು. ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಸಂಜೆಯವರೆಗೆ ಇರುತ್ತಿದ್ದರು. ತಮ್ಮ ರೊಟ್ಟಿ ತಾವೇ ತರುತ್ತಿದ್ದರು, ನನ್ನ ಕೈಯ ಪುಂಡಿಪಲ್ಲೆ ಮಾತ್ರ ಕೇಳಿ ಹಾಕಿಸಿಕೊಳ್ಳುತ್ತಿದ್ದರು. "ಗೌರಾ ಬೇಟಿ, ನಿನ್ನ ಅಣ್ಣಗ ಇಂಜನ್ ತಿಳೀತದ, ಬಾಯಿ ರುಚಿ ತಿಳ್ಯಾಂಗಿಲ್ಲ" ಅನ್ನುತ್ತಿದ್ದರು.

ಸಂಕ್ರಾಂತಿ ಕಳೆದು ಶುರುವಾದ ಕೆಲಸ ಶ್ರಾವಣದವರೆಗೆ ನಡೆಯಿತು. ಗಾಲಿಯ ಅರೆಗಳು ಕಟ್ಟಿಗೆಯವು, ಎಲ್ಲ ಗೆದ್ದಲು ತಿಂದಿದ್ದವು. ನಮ್ಮೂರ ಬಡಿಗೇರ ಬಂಡಿಯ ಗಾಲಿ ಮಾಡುವವನು, ಜಾಲಿಯ ಕಟ್ಟಿಗೆಯಲ್ಲಿ ಹೊಸ ಅರೆ ಕೆತ್ತಿ ಕೂಡಿಸಿದ. ಮೇಲಿನ ಮುಚ್ಚಿಗೆಗೆ ತಾಡಪತ್ರಿ ಹೊಲಿದವಳು ನಾನು. ಕೌದಿ ಹೊಲಿಯುವ ಹೊಲಿಗೆ, ದಾರಕ್ಕೆ ಮೇಣ ಸವರಿ. ಬಣ್ಣ ಸಿಗದ ಕಾಲವದು. ಅಣ್ಣ ಅಗಸಿ ಎಣ್ಣೆ ಕುದಿಸಿ, ಅಪ್ಪನ ಅಂಗಡಿಗೆ ಬರುವ ಬಣ್ಣಗಾರನಿಂದ ನೀಲಿ ತಂದು ಕಲಸಿ ಬಳಿದ. ಒಣಗಿದ ಮೇಲೆ ನವಿಲಿನ ಕುತ್ತಿಗೆಯಂತೆ ಕಾಣುತ್ತಿತ್ತು. ಮೋಟಾರಿನ ಮೂಗಿನ ಮೇಲೆ ಇಂಗ್ಲಿಷ್ ಅಕ್ಷರದ ಒಂದು ಹಿತ್ತಾಳೆ ಬಿಲ್ಲೆಯಿತ್ತು. ಅದರಲ್ಲಿ ಏನು ಬರೆದಿದೆ ಎಂದು ಅವನಿಗೂ ಓದಲು ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ನಾನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗುತ್ತಿದ್ದೆ.

ಇದ್ದಿಲ ಪೀಪಾಯಿಯನ್ನು ಇಮಾಮಸಾಬರು ಹಳೆಯ ಬಾಯ್ಲರಿನ ತಗಡಿನಿಂದ ಮಾಡಿ ತಂದರು. ಆಳೆತ್ತರದ ಪೀಪಾಯಿ, ಮೋಟಾರಿನ ಬೆನ್ನಿಗೆ ಕೂಡಿಸಿದರು. ಅದರೊಳಗೆ ಇದ್ದಿಲು ತುಂಬಿ ಬೆಂಕಿ ಹಾಕಿ, ಕೈಯಿಂದ ತಿರುಗಿಸುವ ಪಂಖದಿಂದ ಗಾಳಿ ಕೊಡಬೇಕು. ಮೊದಲು ಕರಿ ಹೊಗೆ, ಆಮೇಲೆ ಬಿಳಿ ಹೊಗೆ. ಇದ್ದಿಲು ಕೆಂಡವಾದ ಮೇಲೆ ಹೊಗೆಯೇ ಇಲ್ಲ, ಆಗ ಗ್ಯಾಸು ತಯಾರಾಯಿತು ಎಂದು ಲೆಕ್ಕ. ಆ ಗ್ಯಾಸನ್ನು ಅರಿವೆಯ ಚೀಲದಲ್ಲಿ ಸೋಸಿ ಇಂಜಿನಿಗೆ ಬಿಟ್ಟರೆ ಪೆಟ್ರೋಲಿನ ಕೆಲಸ ಮಾಡುತ್ತದೆ. ಆ ಚೀಲವನ್ನೂ ನಾನೇ ಹೊಲಿದೆ. ಇದ್ದಿಲನ್ನು ಅಡಿಕೆ ಗಾತ್ರಕ್ಕೆ ಒಡೆದು ಜರಡಿ ಹಿಡಿಯುವುದು ನನ್ನ ಕೆಲಸ, ಪಂಖ ತಿರುಗಿಸುವುದೂ ನನ್ನ ಕೆಲಸವೇ. ಕಿಡಿ ಹಾರಿ ಬೆಂಕಿ ಹತ್ತೀತೆಂದು ಕೊಟ್ಟಿಗೆಯ ಹುಲ್ಲಿನ ಚಪ್ಪರ ತೆಗೆದು ತಗಡಿನ ಪತ್ರಾಸು ಹಾಕಿಸಿದರು.

ಪೀಪಾಯಿ ಕೂಡಿಸಿದ ದಿನ ಇಮಾಮಸಾಬರು ನಮ್ಮಿಬ್ಬರನ್ನೂ ಮುಂದೆ ಕೂಡಿಸಿಕೊಂಡು ಒಂದು ಮಾತು ಹೇಳಿದರು. ತಾವು ಹೇಳಿ, ನಮ್ಮ ಬಾಯಿಂದಲೂ ಹೇಳಿಸಿದರು.

"ಹೊಗಿ ಕಾಣೋತನಕ ಅಂಜಬ್ಯಾಡ್ರಿ. ಹೊಗಿ ಹೋದ ಮ್ಯಾಲ ಅಂಜ್ರಿ. ಇದರ ಜಹರಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ. ಕುಂತವ ಕುಂತಲ್ಲೇ ನಿದ್ದಿ ಮಾಡ್ತಾನ. ಬಾಗಿಲಾ ತೆರೆದಿರಬೇಕು."

ಆಮೇಲೆ ಅಂಗಳವೆಲ್ಲ ಸುತ್ತಿ, ಎರಡು ಕೈಯಿಂದ ಮಾತ್ರ ಏಳುವಂಥ ಒಂದು ಫರಸಿಯನ್ನು ಹುಡುಕಿ ತಂದು ಬಾಗಿಲಿಗೆ ಆನಿಸಿದರು. "ಗಾಳಿ ಬರಲಿ, ಮಳಿ ಬರಲಿ, ಇವ ಚೌಕೀದಾರ" ಅಂದರು.

ಅದಕ್ಕೇ ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳಿಕೊಳ್ಳಲಾರೆ. ಗೊತ್ತಿತ್ತು. ಬಾಯಿಪಾಠ ಮಾಡಿದ್ದೆ.

ಆ ಬೇಸಿಗೆಯಲ್ಲಿ ಶಹಾಬಾದಿನಿಂದ ಒಂದು ಸಂಬಂಧ ಬಂದು ತಪ್ಪಿತು. ಹುಡುಗಿಯ ಅಣ್ಣ ಮಿಸ್ತ್ರಿಕಿ ಮಾಡುತ್ತಾನೆ, ಅದೂ ಸಾಬರ ಕೈಕೆಳಗೆ ಕಲಿಯುತ್ತಾನೆ ಎಂದು ಅವರು ಬೇರೆಯವರ ಮುಂದೆ ಅಂದದ್ದು ಅಂಗಡಿಗೆ ಬಂದು ಮುಟ್ಟಿತು. ಅಪ್ಪ ನನ್ನ ಮುಂದೆ ಹೇಳಲಿಲ್ಲ, ಅಂಗಡಿಯ ಆಳು ಹೇಳಿದ. ಅಲ್ಲಿಯವರೆಗೆ ಇದ್ದಿಲು ಒಡೆಯುವುದು ನನಗೆ ಆಟವಾಗಿತ್ತು. ಅವತ್ತು ಬಾವಿಯ ಹತ್ತಿರ ಕೂತು ಬೂದಿ ಹಚ್ಚಿ ಉಗುರು ತಿಕ್ಕಿದೆ. ಉಗುರಿನ ಸಂದಿಯ ಕರಿ ಹೋಗಲಿಲ್ಲ. ನನಗೆ ಹದಿನೇಳಾಗಿತ್ತು. ನನ್ನ ಜೊತೆಯ ಹುಡುಗಿಯರೆಲ್ಲ ಗಂಡನ ಮನೆಗೆ ಹೋಗಿದ್ದರು. ಅಣ್ಣನ ಮೇಲೆ ಸಿಟ್ಟು ಬಂತು ಅಂದರೆ ಸುಳ್ಳಾಗುತ್ತದೆ. ನಾಚಿಕೆ ಬಂತು. ಅದು ಸಿಟ್ಟಿಗಿಂತ ಕೆಟ್ಟದ್ದು.

ಶ್ರಾವಣಕ್ಕೆ ಚಿತ್ತಾಪುರದ ಸಂಬಂಧ ಬಂತು. ಗುರುವಾರ ಹೆಣ್ಣು ನೋಡಲು ಬರುತ್ತೇವೆ ಎಂದಿದ್ದರು. ಮಂಗಳವಾರ ತಹಸೀಲ ಕಚೇರಿಯಿಂದ ಅಮೀನರು ಬಂದು ಮೋಟಾರು ನೋಡುವುದಿತ್ತು. ಅವರ ಮುಂದೆ ಇದ್ದಿಲ ಮೇಲೆ ಓಡಿಸಿ ತೋರಿಸಿದರೆ ಚಿಂಚೋಳಿ ದಾರಿಗೆ ಪರವಾನಗಿ ಆಗುತ್ತಿತ್ತು. ಹಾಗಾಗಿ ಸೋಮವಾರ ಮುಂಜಾನೆಯಿಂದ ನಾನೂ ಅಣ್ಣನೂ ಕೊಟ್ಟಿಗೆಯಲ್ಲೇ ಇದ್ದೆವು. ಮಳೆ ಪಡುವಣದಿಂದ ಹೊಡೆಯುತ್ತಿತ್ತು. ಹಿಂದಿನ ಗೋಡೆಯ ಕಿಟಕಿಯಿಂದ ನೀರು ಬರುತ್ತದೆಂದು ನಾನೇ ಅದಕ್ಕೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದೆ. ಬಾಗಿಲು ತೆರೆದೇ ಇತ್ತು. ಪೀಪಾಯಿ ಬಾಗಿಲ ಕಡೆ ಬರುವಂತೆ ಮೋಟಾರನ್ನು ಹಿಮ್ಮುಖ ನಿಲ್ಲಿಸಿದ್ದೆವು. ನಾನು ಪಂಖ ತಿರುಗಿಸುತ್ತಿದ್ದೆ. ಹೊಗೆ ಬಿಳುಪಾಗುತ್ತ ಬಂದಿತ್ತು.

ಆಗ ಅಂಗಡಿಯ ಆಳು ಓಡಿಬಂದ. ಚಿತ್ತಾಪುರದವರು ಇವತ್ತೇ ಬಂದಿಳಿದಿದ್ದಾರೆ, ಶ್ರಾವಣ ಸೋಮವಾರ ಒಳ್ಳೆಯ ದಿನವೆಂದು ಹೊರಟುಬಂದರಂತೆ, ಯಜಮಾನರು ಸ್ಟೇಷನ್ನಿನಿಂದ ಕರೆದುಕೊಂಡು ಬರುತ್ತಿದ್ದಾರೆ, ಎಂದು ಹೇಳಿ ಓಡಿದ. ಅಣ್ಣ ನನ್ನ ಕೈಯಿಂದ ಪಂಖದ ಹಿಡಿಕೆ ತೆಗೆದುಕೊಂಡ.

"ಹೋಗು, ಮಾರಿ ತೊಳಕೋ. ಉಳದದ್ದು ನಾ ತಿರಗಸ್ತೀನಿ" ಅಂದ. ನನ್ನ ಮುಖ ನೋಡಿ ನಕ್ಕು, "ಕಾಡಗಿ ಹಚ್ಚೂದು ಬ್ಯಾಡ, ಆಗಲೇ ಹತ್ತ್ಯದ" ಎಂದ.

ಮುಖ ತೊಳೆದೆ, ಸೀರೆ ಉಟ್ಟೆ, ವಿಭೂತಿ ಹಚ್ಚಿಕೊಂಡೆ, ಪಡಸಾಲೆಯಲ್ಲಿ ಜಮಖಾನೆ ಹಾಸಿದೆ. ಹಾಸಿ ತಲೆ ಎತ್ತಿದರೆ ನೇರ ಎದುರಿಗೆ ಕೊಟ್ಟಿಗೆಯ ಬಾಗಿಲು. ಮೊಣಕಾಲ ಮೇಲೆ ಧೋತರ ಕಟ್ಟಿ, ಬರಿಮೈಯಲ್ಲಿ, ಎದೆಯವರೆಗೆ ಕರಿಯಾಗಿ ಅಣ್ಣ ಪಂಖ ತಿರುಗಿಸುತ್ತಿದ್ದ. ತಲೆಯ ಮೇಲೆ ಇಮಾಮಸಾಬರ ಹಳೆಯ ಟೋಪಿ. ಜಮಖಾನೆಯ ಮೇಲೆ ಕೂತವರಿಗೆ ಬೇರೇನೂ ಕಾಣುವಂತಿರಲಿಲ್ಲ.

ಅಂಗಳ ದಾಟಿ ಹೋದೆ. ಅವರು ಹೋಗುವವರೆಗೆ ಬಾಗಿಲು ಮುಂದೆ ಮಾಡುತ್ತೇನೆ ಎಂದೆ. ಅಣ್ಣ ಕೈ ನಿಲ್ಲಿಸಲಿಲ್ಲ. ಗ್ಯಾಸು ಇನ್ನೇನು ಬರುವುದರಲ್ಲಿತ್ತು. ಈಗ ನಿಲ್ಲಿಸಿದರೆ ಬೆಂಕಿ ಸತ್ತು ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು.

"ಮುಂದ ಮಾಡು. ಕೊಂಡಿ ಹಾಕಬ್ಯಾಡ. ಸಂದಿನ್ಯಾಗ ಫರಸಿ ಇಡು" ಅಂದ.

ಹಾಗೆಯೇ ಮಾಡಿದೆ. ಫರಸಿ ಸರಿಸಿ, ಬಾಗಿಲು ಒಂದು ಮೊಳ ಬಿಟ್ಟು ಮುಂದೆ ಮಾಡಿ, ಆ ಸಂದಿಯಲ್ಲಿ ಫರಸಿ ಇಟ್ಟು ತಿರುಗಿ ಬಂದೆ. ಪಡಸಾಲೆಯ ಮೆಟ್ಟಿಲ ಮೇಲೆ ನಿಂತು ಹಿಂದಿರುಗಿ ನೋಡಿದೆ. ಆ ಒಂದು ಮೊಳದ ಸಂದಿಯಲ್ಲಿ ಅವನ ಕರಿ ತೋಳು ತಿರುಗುವುದು ಕಾಣುತ್ತಿತ್ತು. ಬರೀ ತೋಳು. ಓಣಿಯಲ್ಲಿ ಅಪ್ಪನ ಕೆಮ್ಮು ಕೇಳಿಸಿತು. ನಾನು ಮತ್ತೆ ಓಡಿದೆ. ಎರಡು ಕೈಯಿಂದ ಫರಸಿ ಎತ್ತಿ ಗೋಡೆಯ ಪಕ್ಕಕ್ಕೆ ಮಲಗಿಸಿ, ಬಾಗಿಲು ಪೂರ್ತಿ ಮುಚ್ಚಿ, ಗಾಳಿಗೆ ತೆರೆಯದಿರಲಿ ಎಂದು ಹೊರಗಿನಿಂದ ಕೊಂಡಿ ಹಾಕಿದೆ. ಅಣ್ಣನಿಗೆ ಹೇಳಲಿಲ್ಲ. ಪಂಖದ ಸಪ್ಪಳದಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ. ಅವರು ಸಕ್ಕರೆ ಹಾಲು ಕುಡಿದು ಹೋಗುವಷ್ಟು ಹೊತ್ತು, ಅಷ್ಟೇ ತಾನೆ, ಅಂದುಕೊಂಡೆ.

ಅವರು ಬೇಗ ಹೋಗಲಿಲ್ಲ. ಹುಡುಗನ ಸೋದರತ್ತೆ ಬಂದಿದ್ದಳು, ಅವರ ಮನೆಯಲ್ಲಿ ಆಕೆಯ ಮಾತೇ ಮಾತು. ಜಡೆ ಬಿಚ್ಚಿಸಿ ಕೂದಲು ಎಷ್ಟುದ್ದ ಎಂದು ನೋಡಿದಳು. ರೊಟ್ಟಿ ಬಡಿಯುತ್ತೀಯಾ, ಒಂದು ಸೇರು ಜೋಳಕ್ಕೆ ಎಷ್ಟು ರೊಟ್ಟಿ ಎಂದು ಕೇಳಿದಳು. ಲಿಂಗಪೂಜೆ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ಹುಡುಗಿಯ ಅಣ್ಣ ಕಾಣಲಿಲ್ಲವಲ್ಲ ಎಂದಳು. ಅಪ್ಪ ಗಂಟಲು ಸರಿಮಾಡಿಕೊಂಡು, ಕೆಲಸದ ಮೇಲೆ ವಾಡಿಗೆ ಹೋಗಿದ್ದಾನೆ ಅಂದರು. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅದಕ್ಕೆ ತಕ್ಕಂತೆ ನಾನೂ ಗೋಣು ಹಾಕಿದೆ.

ಪತ್ರಾಸಿನ ಮೇಲೆ ಮಳೆ ಬೀಳುವಾಗ ಪಂಖದ ಸಪ್ಪಳ ಕೇಳುತ್ತಿರಲಿಲ್ಲ. ನಡುವೆ ಮಳೆ ನಿಂತಿತು. ಆಗ ಕೇಳಿಸಿತು, ಗುಂಯ್ ಎಂದು ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಧಾನವಾಯಿತು. ನಿಂತಿತು. ಗ್ಯಾಸು ಬಂದಿರಬೇಕು, ಇನ್ನು ಇಂಜಿನ್ ಚಾಲು ಮಾಡುತ್ತಾನೆ ಎಂದು ಕಿವಿಗೊಟ್ಟು ಕೂತೆ. ಇಂಜಿನ್ ಸಪ್ಪಳ ಬರಲಿಲ್ಲ.

ಬದಲಿಗೆ ಠಣ್ ಎಂದು ಕಬ್ಬಿಣದ ಸಪ್ಪಳ ಬಂತು.

ಅಣ್ಣನಿಗೆ ನನ್ನನ್ನು ಕರೆಯಬೇಕಾದರೆ ಕೂಗುವ ರೂಢಿ ಇರಲಿಲ್ಲ. ನಟ್ಟು ಬಿಗಿಯುವ ಪಾನಿನಿಂದ ಪೀಪಾಯಿಗೆ ಮೂರು ಸಲ ಬಡಿಯುತ್ತಿದ್ದ. ನಾನು ಅಡಿಗೆಮನೆಯಲ್ಲಿದ್ದರೂ ಬಂದುಬಿಡುತ್ತಿದ್ದೆ. ಅವತ್ತು ಒಂದು ಸಲ ಬಡಿದ. ಬಹಳ ಹೊತ್ತಿಗೆ ಇನ್ನೊಂದು, ಮೊದಲಿನದಕ್ಕಿಂತ ಮೆಲ್ಲಗೆ. ಮೂರನೆಯದು ಬರಲಿಲ್ಲ.

ಸೋದರತ್ತೆ ಕಿವಿ ನಿಮಿರಿಸಿದಳು. "ಏನವ್ವಾ ಅದು ಸಪ್ಪಳ, ಕೊಟಗ್ಯಾಗ?"

"ಎಮ್ಮಿರಿ. ಗ್ವಾದಲಿ ಒದೀಲಿಕತ್ತದ" ಅಂದೆ.

ಎಮ್ಮೆ ಹಿತ್ತಲಲ್ಲಿದೆ ಎಂದು ಅಪ್ಪನಿಗೆ ಗೊತ್ತಿತ್ತು. ಅವರು ನನ್ನ ಮುಖ ನೋಡಿದರು, ಆಮೇಲೆ ಜಮಖಾನೆ ನೋಡಿದರು. ಅವರು ಕೊಂಡಿ ಹಾಕಿದ್ದನ್ನು ಕಂಡಿರಲಿಲ್ಲ, ಇದ್ದಿಲ ವಿಷದ ಮಾತೂ ಅವರಿಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವಳು ನಾನೊಬ್ಬಳೇ. ಎದ್ದು ಹೋಗಿ ಎಮ್ಮೆ ನೋಡಿ ಬರುತ್ತೇನೆ ಎಂದಿದ್ದರೂ ಆಗುತ್ತಿತ್ತು. ಆ ಸುಳ್ಳೇ ನನಗೆ ಬಾಗಿಲ ದಾರಿ ಮಾಡಿಕೊಟ್ಟಿತ್ತು. ಆದರೆ ಬಾಗಿಲು ತೆಗೆದರೆ ಅವನು ಹೊರಗೆ ಬರುತ್ತಾನೆ, ಕರಿ ಮೈಯಲ್ಲಿ ಬರುತ್ತಾನೆ, ಅಪ್ಪನ ಸುಳ್ಳು ಆಕೆಯ ಮುಂದೆ ಬಯಲಾಗುತ್ತದೆ. ಸೋದರತ್ತೆಯ ಕೈಯಲ್ಲಿ ನನ್ನ ಜಡೆಯಿತ್ತು. ನಾನು ಕೂತೇ ಇದ್ದೆ.

ಅವರು ಒಪ್ಪಿಗೆ ಎಂದು ಹೇಳಿಯೇ ಎದ್ದರು. ಅಪ್ಪ ಅವರನ್ನು ಸ್ಟೇಷನ್ನಿಗೆ ಬಿಡಲು ಹೋದರು. ಓಣಿಯ ತಿರುವು ದಾಟುವುದನ್ನು ಕಾದು ನಾನು ಓಡಿ ಕೊಂಡಿ ತೆಗೆದೆ.

ಒಳಗೆ ಹೊಗೆ ಇರಲಿಲ್ಲ. ಅಣ್ಣ ಪೀಪಾಯಿಗೂ ಬಾಗಿಲಿಗೂ ನಡುವೆ ಬಿದ್ದಿದ್ದ, ಒಂದು ಕೈ ಬಾಗಿಲ ಕಡೆ ಚಾಚಿತ್ತು. ಪಾನು ಬಿಟ್ಟಿರಲಿಲ್ಲ. ಮಸಿಯ ನಡುವೆ ಕಾಣುವ ಅವನ ತುಟಿ, ಕೆನ್ನೆ ಎಲ್ಲ ಕೆಂಪಗೆ, ಎಂದೂ ಇಲ್ಲದ ಕಳೆಯಲ್ಲಿದ್ದವು. ನಿದ್ದೆ ಮಾಡುವ ಕೂಸಿನಂತೆ. ಆ ಕೆಂಪು ಬಣ್ಣ ನನಗೆ ಇವತ್ತಿಗೂ ಕನಸಿಗೆ ಬರುತ್ತದೆ. ಕಂಕುಳಲ್ಲಿ ಕೈ ಹಾಕಿ ಅಂಗಳಕ್ಕೆ ಎಳೆದು ಮಳೆಯಲ್ಲಿ ಹಾಕಿದೆ. ಉಸಿರಿತ್ತು. ಆಮೇಲೆ ಚೀರಿದೆ. ಓಣಿಯವರು ಬಂದರು, ದವಾಖಾನೆಯ ಡಾಕ್ಟರು ಬಂದರು.

ಮರುದಿನ ಹೇಳಿದ ಹೊತ್ತಿಗೆ ಸರಿಯಾಗಿ ಅಮೀನರೂ ಬಂದರು. ಕೊಟ್ಟಿಗೆಯಲ್ಲಿ ನಿಂತ ಮೋಟಾರು ನೋಡಿದರು, ಚಾಪೆಯ ಮೇಲೆ ಮಲಗಿದ್ದ ಅಣ್ಣನನ್ನು ನೋಡಿದರು. ಕಾಗದದಲ್ಲಿ ಏನೋ ಬರೆದುಕೊಂಡು ಹೋದರು.

ಐದನೆಯ ದಿನ ಅಣ್ಣ ಕಣ್ಣು ತೆರೆದ. ನನ್ನ ಗುರುತು ಹಿಡಿಯಲು ಮತ್ತೆ ಎರಡು ದಿನ ಬೇಕಾಯಿತು. ದೀಪಾವಳಿಗೆ ಎದ್ದು ಕೂತ. ಒಂದು ಬೋಲ್ಟು ಕೈಯಲ್ಲಿ ಕೊಟ್ಟರೆ ನಟ್ಟು ತಿರುಗಿಸಲು ಬರಲಿಲ್ಲ. ನೋಡುತ್ತ ಕೂತು, ಮೆಲ್ಲಗೆ ಕೆಳಗಿಟ್ಟ. ಆ ಸೋಮವಾರ ಅವನ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು.

ಬಾಗಿಲು ಹೇಗೆ ಮುಚ್ಚಿತು ಎಂದು ಅಪ್ಪ ಕೇಳಿದಾಗ ಗಾಳಿ ಅಂದೆ. ಅಪ್ಪ ಮತ್ತೆ ಕೇಳಲಿಲ್ಲ. ಎಮ್ಮೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಅವರು ಸಾಯುವವರೆಗೂ. ಆದರೆ ಅವರಿಗೆ ಯಾರ ಮೇಲಾದರೂ ಹೊರಿಸಬೇಕಿತ್ತು. ಮರುವಾರ ವಾಡಿಗೆ ಹೋಗಿ, ಇಮಾಮಸಾಬರ ಮನೆಯ ಮುಂದೆ ನಿಂತು, ಅವರ ಮಂದಿಯೆಲ್ಲ ಕೇಳುವಂತೆ, ನಿನ್ನ ಪೀಪಾಯಿ ನನ್ನ ಮಗನನ್ನು ತಿಂದಿತು ಎಂದು ಬೈದು ಬಂದರು.

ಇಮಾಮಸಾಬರು ಮುಂದಿನ ರೈಲಿಗೇ ಬಂದರು. ಅಣ್ಣನ ಹತ್ತಿರ ಬಹಳ ಹೊತ್ತು ಕೂತರು. ಆಮೇಲೆ ಕೊಟ್ಟಿಗೆಗೆ ಹೋಗಿ ಪೀಪಾಯಿಯ ಸಂದುಗಳನ್ನೆಲ್ಲ ಕೈಯಾಡಿಸಿ ನೋಡಿದರು. ಹೊರಗೆ ಬಂದು ಬಾಗಿಲ ಕೊಂಡಿ ನೋಡಿದರು. ಗೋಡೆಯ ಪಕ್ಕ ಮಲಗಿದ್ದ ಫರಸಿ ನೋಡಿದರು. ನಾನು ಅದನ್ನು ವಾಪಸ್ ಇಡುವುದನ್ನೇ ಮರೆತಿದ್ದೆ. ಯಾವಾಗಲೂ ಜೋರಾಗಿ ಮಾತಾಡುವ ಮನುಷ್ಯ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು.

"ಬೇಟಿ, ಗಾಳಿ ಫರಸಿ ಎತ್ತಿ ಮಲಗಸೂದಿಲ್ಲ."

ನಾನು ನೆಲ ನೋಡುತ್ತ ನಿಂತೆ. ಅವರು ಕಾದರು. ಅಷ್ಟರಲ್ಲಿ ಅಪ್ಪ ಅಂಗಡಿಯಿಂದ ಬಂದರು, ಅವರ ಹಿಂದೆ ಓಣಿಯ ನಾಲ್ಕು ಮಂದಿ. ಇಮಾಮಸಾಬರು ಅಪ್ಪನ ಕಡೆ ತಿರುಗಿ, "ತಪ್ಪು ನಂದೇ ಸಾಹುಕಾರ್ರ. ಪೀಪಾಯಿ ಬಿಗಿ ಮಾಡೋದ್ರಾಗ ಕಸರ ಬಿತ್ತು" ಅಂದರು. ಲಗ್ನ ಗೊತ್ತಾದ ಹುಡುಗಿಯ ಹೆಸರು ಕೆಡಬಾರದೆಂದು ಹಾಗೆ ಅಂದರೋ, ನಿಜ ಹೇಳಿದರೂ ಯಾರೂ ನಂಬುವುದಿಲ್ಲ ಎಂದು ಅಂದರೋ ನನಗೆ ಗೊತ್ತಿಲ್ಲ. ತಮ್ಮ ಹಳೆಯ ಟೋಪಿ ಕೇಳಿ ತೆಗೆದುಕೊಂಡು ಹೋದರು. ಇಮಾಮಸಾಬನ ಪೀಪಾಯಿ ಮನುಷ್ಯರನ್ನು ತಿನ್ನುತ್ತದೆ ಎಂಬ ಮಾತು ಚಿತ್ತಾಪುರ, ಶಹಾಬಾದಿನವರೆಗೆ ಹೋಯಿತು. ಆಮೇಲೆ ಅವರ ಕೈಗೆ ಯಾರೂ ಕೆಲಸ ಕೊಡಲಿಲ್ಲ.

ನನ್ನ ಲಗ್ನ ಆಯಿತು. ಜಡೆ ಹಿಡಿದ ಅದೇ ಮನೆಗೆ ಹೋದೆ. ನಿಜಾಮರ ಆಳ್ವಿಕೆ ಮುಗಿಯುವ ಹೊತ್ತಿನ ಗಲಾಟೆಯಲ್ಲಿ ಇಮಾಮಸಾಬರ ಮನೆಯವರು ವಾಡಿ ಬಿಟ್ಟರೆಂದು ಕೇಳಿದೆ. ಸೋಲಾಪುರಕ್ಕೆ ಹೋದರು ಎಂದರು ಕೆಲವರು, ಅದಕ್ಕಿಂತ ದೂರ ಎಂದರು ಕೆಲವರು. ವಿಚಾರಿಸುವ ನೆವ ನನಗೆ ಇರಲಿಲ್ಲ. ಇದ್ದರೂ ವಿಚಾರಿಸುತ್ತಿದ್ದೆನೋ ಇಲ್ಲವೋ.

ಎಲ್ಲಕ್ಕಿಂತ ಕೆಟ್ಟದ್ದು ಇದಲ್ಲ. ಅಣ್ಣನಿಗೆ ಮಾತು ತಿರುಗಿ ಬಂದ ಮೇಲೆ ಅವನು ತಾನೇ ಒಂದು ಕತೆ ಜೋಡಿಸಿಕೊಂಡ. ಆ ದಿನ ನೆನಪಿಲ್ಲ, ಆದರೆ ಬಾಗಿಲು ಮುಚ್ಚಿತ್ತೆಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ಫರಸಿ ಇಡುವುದನ್ನು ತಾನೇ ಮರೆತಿರಬೇಕು. ತನ್ನ ಮರೆವಿನಿಂದ ಉಸ್ತಾದ ಇಮಾಮಸಾಬರ ಹೆಸರು ಕೆಟ್ಟಿತು. ಮನೆಗೆ ಯಾರು ಬಂದರೂ ಇದನ್ನೇ ಹೇಳುತ್ತಾನೆ. "ನಾನೇ ಮರತೆ. ಉಸ್ತಾದ ಹೇಳಿದ್ದ. ಮರತೆ." ನಲವತ್ತು ವರ್ಷಕ್ಕೂ ಮೇಲೆ ಅದನ್ನು ಕೇಳಿದ್ದೇನೆ. ಅವನಿಗೆ ರೊಟ್ಟಿ ಮುರಿದು ಹಾಕುತ್ತ ಕೇಳಿದ್ದೇನೆ. ಅತ್ತೆಯ ಮನೆಯ ಹಿರಿಯರು ಇದ್ದಾರೆ, ಆಮೇಲೆ ಹೇಳೋಣ ಅಂದುಕೊಂಡೆ. ಅವರು ಹೋದರು. ಗಂಡ ಇದ್ದಾರೆ ಅಂದುಕೊಂಡೆ. ಅವರೂ ಹೋದರು.

ಹೋದ ಶ್ರಾವಣದಲ್ಲಿ ಆ ಕೊಟ್ಟಿಗೆಯೊಳಗೆ ಮೋಟಾರು ಎಂಬುದು ಏನೂ ಉಳಿದಿರಲಿಲ್ಲ. ಕಬ್ಬಿಣವನ್ನೆಲ್ಲ ಅಪ್ಪ ಯಾವಾಗಲೋ ಗುಜರಿಗೆ ಹಾಕಿಬಿಟ್ಟಿದ್ದರು. ಮೂಲೆಯಲ್ಲಿ ಜಾಲಿಯ ಅರೆಗಳ ಒಂದು ಗಾಲಿ, ಗೋಡೆಯ ಗೂಡಿನಲ್ಲಿ ಕಿಲುಬು ಹಿಡಿದ ಹಿತ್ತಾಳೆ ಬಿಲ್ಲೆ, ಗೂಟಕ್ಕೆ ನನ್ನ ಕೌದಿ ಹೊಲಿಗೆಯ ಚೀಲ. ಕೈಗೆ ತೆಗೆದುಕೊಂಡರೆ ಒಳಗಿನ ಕರಿ ಪುಡಿ ಬೆರಳಿಗೆ ಹತ್ತಿತು. ಅಣ್ಣ ಬಿಲ್ಲೆಯನ್ನು ಧೋತರದ ಚುಂಗಿನಿಂದ ಒರೆಸುತ್ತ ನೆಲದ ಮೇಲೆ ಕೂತ. ಕೆಲಸದವರಲ್ಲಿ ಒಬ್ಬ ಚಹಾ ತಂದುಕೊಟ್ಟು, ಇಲ್ಲಿ ಮೋಟಾರು ಇತ್ತಂತೆ, ಹೌದೇನು ಅಜ್ಜಾ ಎಂದು ಕೇಳಿದ. ಅಣ್ಣ ಗೋಣು ಹಾಕಿದ. ಬಸಿ ನಡುಗಿ ಚಹಾ ಚೆಲ್ಲಿತು.

"ಇತ್ತು. ಛಲೋ ಇತ್ತು. ಫರಸಿ ಇಡೂದು... ನಾನೇ ಮರತೆ" ಅಂದ.

ಹುಡುಗ ಹೊರಗೆ ಹೋದ. ಬಾಗಿಲಲ್ಲಿ ಶೇಗಡಿಯ ಹೊಗೆ ಮುಗಿದು ಕೆಂಡ ಕೆಂಪಾಗಿತ್ತು. ಬಾಗಿಲು ಪೂರ್ತಿ ತೆರೆದಿತ್ತು, ಅದಕ್ಕೆ ಅಣ್ಣ ಆನಿಸಿದ ಕಲ್ಲಿತ್ತು. ನಾನು ಅವನ ಎದುರಿಗೆ ನೆಲದಲ್ಲಿ ಕೂತು, ನಡುಗುವ ಆ ಕೈ ಎರಡನ್ನೂ ಹಿಡಿದುಕೊಂಡೆ. ನನ್ನ ಬೆರಳಿನ ಕರಿ ಅವನ ಕೈಗೆ ಹತ್ತಿತು.

"ಅಣ್ಣಾ, ಇಲ್ಲಿ ನೋಡು. ನೀ ಮರತಿಲ್ಲ. ಫರಸಿ ಇಡು ಅಂತ ನೀ ನನಗ ಹೇಳಿದ್ದಿ. ಎತ್ತಿ ಮಲಗಿಸಿದಾಕಿ ನಾನು, ಕೊಂಡಿ ಹಾಕಿದಾಕಿ ನಾನು. ಮಂದಿ ನಿನ್ನ ನೋಡಬಾರದು ಅಂತ ಹಾಕಿದೆ. ನೀ ಎರಡು ಸಲ ಬಡದಿ. ನನಗ ಕೇಳಿಸ್ತು. ಎಮ್ಮಿ ಅಂದೆ. ಉಸ್ತಾದಂದು ತಪ್ಪಿಲ್ಲ, ನಿಂದು ತಪ್ಪಿಲ್ಲ. ನಂದು ತಪ್ಪಾತು ಅಣ್ಣಾ, ನಂದು ತಪ್ಪಾತು."